ಫೋನ್ ಬಿಲ್ಲಿನ 911 ಶುಲ್ಕ: ಲೆಕ್ಕ ಹೊಂದದಿದ್ದರೆ ಎಲ್ಲಿಂದ ಹುಡುಕಬೇಕು

ಅಮೆರಿಕದಲ್ಲಿ ಮನೆ ಮಾಡಿರುವ ನಮ್ಮವರ ಫೋನು, ಇಂಟರ್ನೆಟ್ ಬಿಲ್ಲುಗಳನ್ನು ಬಿಡಿಸಿ ನೋಡಿ ಹೇಳುವ ಕೆಲಸ ನನಗೆ ಅಂಟಿಕೊಂಡು ಬಹಳ ಕಾಲವಾಯಿತು. ಅದರಲ್ಲಿ ಮತ್ತೆ ಮತ್ತೆ ಬರುವ ದೂರು 911 ಶುಲ್ಕದ್ದು, ಅಂದರೆ ಪೊಲೀಸ್, ಆಂಬ್ಯುಲೆನ್ಸ್, ಅಗ್ನಿಶಾಮಕದವರನ್ನು ಕರೆಯುವ ಅಲ್ಲಿನ ತುರ್ತು ನಂಬರಿನ ಶುಲ್ಕದ್ದು. "ನಮ್ಮನೇಲಿ ಇಂಟರ್ನೆಟ್ ಒಂದೇ ಇರೋದು, ಫೋನೇ ಇಲ್ಲ, ಆದರೂ 911 ಅಂತ ಹಾಕಿದ್ದಾರೆ" ಅನ್ನುವವರು ಕೆಲವರು. "ಪಕ್ಕದ ಊರಿನ ಗೆಳೆಯನಿಗೆ ಒಂದೂವರೆ ಡಾಲರ್, ನಮಗೆ ಐದು ಡಾಲರ್" ಅನ್ನುವವರು ಕೆಲವರು. ಒಂದೇ ಬಿಲ್ಲಿನಲ್ಲಿ 911 ಹೆಸರು ಎರಡು ಸಲ ಕಂಡು ಕಂಗಾಲಾದವರೂ ಇದ್ದಾರೆ.

ಚಿಲ್ಲರೆ ಕಾಸು, ಹೋಗಲಿ ಅಂತ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಡಬೇಡಿ ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಶುಲ್ಕ ನಿಂತಿರುವುದು ನಿಮ್ಮ ವಿಳಾಸದ ಮೇಲೆ. ಶುಲ್ಕ ತಪ್ಪಿದೆ ಅಂದರೆ ಕಂಪನಿಯ ದಾಖಲೆಯಲ್ಲಿ ನಿಮ್ಮ ವಿಳಾಸವೇ ತಪ್ಪಾಗಿರಬಹುದು. ವಿಳಾಸ ತಪ್ಪಾಗಿದ್ದರೆ ರಾತ್ರಿ ಹೊತ್ತು ಎದೆನೋವು ಅಂತ ಫೋನ್ ಎತ್ತಿದಾಗ ಆಂಬ್ಯುಲೆನ್ಸ್ ನೀವು ಬಿಟ್ಟುಬಂದ ಹಳೆಯ ಮನೆಯ ಬಾಗಿಲಿಗೆ ಹೋಗಬಹುದು. ನಿಮ್ಮ ವಿಳಾಸ ಕಂಪನಿಯಲ್ಲಿ ಹೇಗೆ ದಾಖಲಾಗಿದೆ ಅನ್ನುವುದಕ್ಕೆ ತಿಂಗಳು ತಿಂಗಳೂ ಕಣ್ಣಿಗೆ ಬೀಳುವ ಕುರುಹು ಬಿಲ್ಲಿನ ಈ ಸಾಲು.

ಊರಿಂದ ಹೊಸದಾಗಿ ಬಂದವರಿಗೆ ಈ ಸಾಲು ವಿಚಿತ್ರವಾಗಿ ಕಾಣುವುದು ಸಹಜ. ಕರ್ನಾಟಕದಲ್ಲಿ 112ಕ್ಕೋ 108ಕ್ಕೋ ಫೋನ್ ಮಾಡುತ್ತೇವೆ. ಅದಕ್ಕೆ ಮೊಬೈಲ್ ಬಿಲ್ಲಿನಲ್ಲಿ ಬೇರೆ ಸಾಲಿಲ್ಲ, ಇರುವುದು ಜಿಎಸ್‌ಟಿ ಒಂದೇ. 112ರ ವ್ಯವಸ್ಥೆಗೆ ನಿರ್ಭಯಾ ನಿಧಿಯಿಂದ, ಅಂದರೆ ಸರ್ಕಾರದ ಖಜಾನೆಯಿಂದ ಹಣ ಬಂದಿದೆ. ಅಮೆರಿಕದಲ್ಲಿ ಹಾಗಲ್ಲ. 1968ರ ಫೆಬ್ರವರಿ 16ರಂದು ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ ಮೊದಲ 911 ಕರೆ ಹೋಯಿತು. ಮುಂದೆ ಊರೂರಿಗೆ ಹರಡಿದ ಈ ಸೇವೆಯನ್ನು ನಡೆಸುವ ಹೊಣೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ನಗರ, ರಾಜ್ಯಗಳದಾಯಿತು. ಖರ್ಚಿನ ದೊಡ್ಡ ಪಾಲನ್ನು ಫೋನ್ ಲೈನುಗಳ ಮೇಲೆ ಶುಲ್ಕ ಹಾಕಿ ಎತ್ತುವುದು ರೂಢಿಯಾಯಿತು. ಇಡೀ ದೇಶಕ್ಕೆ ಒಂದೇ ಎನ್ನುವ ಕೇಂದ್ರ ಸರ್ಕಾರದ 911 ಶುಲ್ಕ ಇಲ್ಲವೇ ಇಲ್ಲ. ರಾಜ್ಯ ಬದಲಾದರೆ ದರ ಬದಲು, ಕೆಲವು ಕಡೆ ಊರು ಬದಲಾದರೂ ಬದಲು. ಆದ್ದರಿಂದ ನ್ಯೂಜೆರ್ಸಿಯಲ್ಲಿರುವ ಅಣ್ಣನ ಬಿಲ್ಲಿಗೂ ಡಲ್ಲಾಸ್‌ನಲ್ಲಿರುವ ತಂಗಿಯ ಬಿಲ್ಲಿಗೂ ಹೋಲಿಸಿ ನೋಡಿ ಪ್ರಯೋಜನವಿಲ್ಲ.

ಆ ಸಾಲು ಸರ್ಕಾರದ್ದೋ ಕಂಪನಿಯದೋ

ಬಿಲ್ಲಿನ ಮೊದಲ ಪುಟ ಬಿಡಿ, ಅಲ್ಲಿ ಒಟ್ಟು ಮೊತ್ತ ಮಾತ್ರ ಇರುತ್ತದೆ. ಆನ್‌ಲೈನ್ ಖಾತೆಗೆ ಹೋಗಿ ಪೂರ್ತಿ ಪಿಡಿಎಫ್ ಇಳಿಸಿಕೊಳ್ಳಿ. ಒಳಪುಟಗಳಲ್ಲಿ ಸಾಮಾನ್ಯವಾಗಿ ಎರಡು ಗುಂಪು ಇರುತ್ತವೆ: ಒಂದು ಸರ್ಕಾರದ ತೆರಿಗೆ ಮತ್ತು ಶುಲ್ಕಗಳದು, ಇನ್ನೊಂದು ಕಂಪನಿಯ ಸರ್ಚಾರ್ಜುಗಳದು. 911 ಎಂಬ ಅಂಕಿ ಎರಡರಲ್ಲೂ ಬರಬಹುದು. ರಾಜ್ಯದ ಅಥವಾ ಕೌಂಟಿಯ ಹೆಸರು ಜೊತೆಗಿದ್ದರೆ ಅದು ಸರ್ಕಾರದ ಶುಲ್ಕ. "ರಿಕವರಿ", "ಕಾಂಪ್ಲಯನ್ಸ್" ಎಂಬ ಪದ ಅಂಟಿಕೊಂಡಿದ್ದರೆ ಹೆಚ್ಚಾಗಿ ಅದು ಕಂಪನಿ ತನ್ನ ಖರ್ಚು ತುಂಬಿಕೊಳ್ಳಲು ತಾನೇ ಹಾಕಿಕೊಂಡದ್ದು. ಕಾನೂನಿನ ಪ್ರಕಾರ ಅದನ್ನು ವಸೂಲಿ ಮಾಡುವುದು ತಪ್ಪಲ್ಲ. ಆದರೆ ಸರ್ಕಾರ ಕಡ್ಡಾಯ ಮಾಡಿದ ಶುಲ್ಕ ಎಂದು ಹೇಳಿಕೊಳ್ಳುವಂತಿಲ್ಲ. ಸರ್ಕಾರದ ಶುಲ್ಕದಲ್ಲಿ ಚೌಕಾಸಿಗೆ ಜಾಗವಿಲ್ಲ. ಕಂಪನಿಯ ಸರ್ಚಾರ್ಜ್ ಬಗ್ಗೆ ಮಾತಾಡಬಹುದು, ಒಪ್ಪದಿದ್ದರೆ ಬೇರೆ ಕಂಪನಿಗೆ ಹೋಗಬಹುದು.

ಎರಡು ಸಲ ಹಾಕಿದ್ದಾರೆ ಎನ್ನುವ ದೂರುಗಳಲ್ಲಿ ಬಹಳಷ್ಟು ಇಲ್ಲೇ ಬಗೆಹರಿಯುತ್ತವೆ. ಒಂದು ಸಾಲು ಸರ್ಕಾರದ್ದು, ಒಂದು ಕಂಪನಿಯದು. ಅಥವಾ ಎರಡೂ ಸರ್ಕಾರದವೇ ಆಗಿರಬಹುದು: ಟೆಕ್ಸಾಸ್‌ನಲ್ಲಿ ಮೊಬೈಲ್ ಕನೆಕ್ಷನ್ನಿಗೆ ತಿಂಗಳಿಗೆ 50 ಸೆಂಟ್ 911 ಶುಲ್ಕ ಒಂದು, ಹಣ ಸಾಲದ ಪ್ರದೇಶಗಳಿಗೆ ಸರಿದೂಗಿಸಲು 6 ಸೆಂಟಿನ ಈಕ್ವಲೈಸೇಷನ್ ಸರ್ಚಾರ್ಜ್ ಇನ್ನೊಂದು. ಇವು ಬೇರೆ ಬೇರೆ. ಇನ್ನು 911 ಪಕ್ಕದಲ್ಲೇ 988 ಎಂಬ ಸಾಲು ಕಂಡರೆ ಅದನ್ನು ಮುದ್ರಣದೋಷ ಎಂದುಕೊಳ್ಳಬೇಡಿ. ಆತ್ಮಹತ್ಯೆ ತಡೆ ಮತ್ತು ಮಾನಸಿಕ ಸಂಕಟದ ಸಹಾಯವಾಣಿಯ ನಂಬರ್ ಅದು. 2022ರ ಜುಲೈ 16ರಿಂದ ದೇಶದಾದ್ಯಂತ ಚಾಲ್ತಿಯಲ್ಲಿದೆ, ಅದಕ್ಕೂ ಶುಲ್ಕ ಹಾಕಲು ರಾಜ್ಯಗಳಿಗೆ ಅನುಮತಿ ಇದೆ. ಕ್ಯಾಲಿಫೋರ್ನಿಯಾ 2023ರಿಂದ ಹಾಕುತ್ತಿದೆ. ಯೂನಿವರ್ಸಲ್ ಸರ್ವೀಸ್ ಎಂಬ ಸಾಲಿಗೂ 911ಕ್ಕೂ ಸಂಬಂಧವೇ ಇಲ್ಲ.

ವಿಸ್ಕಾನ್ಸಿನ್‌ನಲ್ಲಿರುವವರು 911 ಎಂಬ ಅಂಕಿಗಾಗಿ ಹುಡುಕಿ ಸುಸ್ತಾಗುತ್ತಾರೆ. ಅಲ್ಲಿ ಪ್ರತಿ ಫೋನ್ ಲೈನಿಗೆ ಬರುವ 75 ಸೆಂಟಿನ ಹೆಸರು ಪೊಲೀಸ್ ಮತ್ತು ಅಗ್ನಿಶಾಮಕ ರಕ್ಷಣಾ ಶುಲ್ಕ ಎಂದಿರುತ್ತದೆ.

ಫೋನೇ ಇಲ್ಲದ ಮನೆಗೆ ಶುಲ್ಕ ಬಂದರೆ

ಶುಲ್ಕ ಬೀಳುವುದು ತಂತಿಯ ಮೇಲಲ್ಲ, ಮಾತಾಡುವ ಸಾಮರ್ಥ್ಯದ ಮೇಲೆ. ಹಿಂದೆ ಡಿಎಸ್‌ಎಲ್ ಇಂಟರ್ನೆಟ್ ಬರುತ್ತಿದ್ದುದು ಫೋನಿನ ತಾಮ್ರದ ತಂತಿಯಲ್ಲೇ. ಡಯಲ್ ಟೋನ್ ಇದ್ದರೆ ಆ ಲೈನಿಗೆ 911 ಶುಲ್ಕ. ಡಯಲ್ ಟೋನ್ ಇಲ್ಲದೆ ಬರೀ ಡಿಎಸ್‌ಎಲ್ ತೆಗೆದುಕೊಂಡರೆ ಅದೇ ತಂತಿಗೆ ಶುಲ್ಕವಿಲ್ಲ. ಈಗ ಕೇಬಲ್ಲಿಗೂ ಫೈಬರಿಗೂ ಇದೇ ನ್ಯಾಯ. ಬ್ರಾಡ್‌ಬ್ಯಾಂಡ್ ಮಾತ್ರ ಇದ್ದರೆ 911 ಸಾಲು ಬರಬಾರದು. ಅದೇ ಬ್ರಾಡ್‌ಬ್ಯಾಂಡಿನ ಮೇಲೆ ಇಂಟರ್ನೆಟ್ ಫೋನ್, ಅಂದರೆ ವಿಓಐಪಿ ಸೇವೆ ಕೂತಿದ್ದರೆ ಬರುತ್ತದೆ.

ವಿಓಐಪಿ ಎಂದರೆ ಎಲ್ಲ ಆ್ಯಪ್‌ಗಳೂ ಅಲ್ಲ. ಬ್ರಾಡ್‌ಬ್ಯಾಂಡ್ ಬಳಸಿ, ಆ ಕ್ಷಣಕ್ಕೇ ಎರಡೂ ಕಡೆ ಮಾತಾಡಲು ಆಗುವ, ಸಾಮಾನ್ಯ ಫೋನ್ ನಂಬರುಗಳಿಗೆ ಕರೆ ಮಾಡಲೂ ಅವುಗಳಿಂದ ಕರೆ ಪಡೆಯಲೂ ಆಗುವ ಸೇವೆಯನ್ನು ಎಫ್‌ಸಿಸಿ, ಅಂದರೆ ಅಮೆರಿಕದ ದೂರಸಂಪರ್ಕ ನಿಯಂತ್ರಣ ಆಯೋಗ, ಇಂಟರ್‌ಕನೆಕ್ಟೆಡ್ ವಿಓಐಪಿ ಎಂದು ಕರೆಯುತ್ತದೆ. 2005ರಲ್ಲಿ ಎಫ್‌ಸಿಸಿ ಇಂಥ ಸೇವೆಗಳು 911 ಕರೆಯನ್ನು ವಿಳಾಸದ ಸಮೇತ ಸರಿಯಾದ ಕೇಂದ್ರಕ್ಕೆ ತಲುಪಿಸಲೇಬೇಕು ಎಂದು ಆದೇಶಿಸಿತು. 2008ರಲ್ಲಿ ಸಂಸತ್ತು ನೆಟ್ 911 ಕಾಯಿದೆ ಮಾಡಿ, ರಾಜ್ಯಗಳು ವಿಓಐಪಿಯಿಂದಲೂ ಶುಲ್ಕ ವಸೂಲು ಮಾಡಬಹುದು, ಆದರೆ ಅದೇ ವರ್ಗದ ಸಾಮಾನ್ಯ ಫೋನಿಗಿಂತ ಹೆಚ್ಚು ಹಾಕುವಂತಿಲ್ಲ ಎಂದಿತು. ಈ ಎರಡನೆಯ ಮಾತು ಮುಂದೆ ಆಫೀಸು ಲೈನುಗಳ ಲೆಕ್ಕದಲ್ಲಿ ಬೇಕಾಗುತ್ತದೆ.

ಹಾಗಾದರೆ ಫೋನೇ ಇಲ್ಲ ಎನ್ನುವ ಮನೆಗೆ ಶುಲ್ಕ ಹೇಗೆ ಬಂತು? ಮೋಡೆಮ್ಮಿನ ಹಿಂಭಾಗ ತಿರುಗಿಸಿ ನೋಡಿ. ಇಂಟರ್ನೆಟ್ಟಿನ ಅಗಲ ಪೋರ್ಟುಗಳ ಪಕ್ಕದಲ್ಲಿ ಅವಕ್ಕಿಂತ ಕಿರಿದಾದ, ಹಳೆ ಫೋನಿನ ವೈರ್ ಹೋಗುವಂಥ ಒಂದೋ ಎರಡೋ ಪೋರ್ಟ್ ಇದ್ದು, ಮೇಲೆ ಟೆಲ್ 1, ಟೆಲ್ 2 ಎಂದು ಬರೆದಿದ್ದರೆ ಅದು ಫೋನ್ ಕೊಡಬಲ್ಲ ಮೋಡೆಮ್. ಮುಂಭಾಗದಲ್ಲಿ ಟೆಲ್ ದೀಪ ಉರಿಯುತ್ತಿದ್ದರೆ, ನೀವು ಫೋನನ್ನು ಸಿಕ್ಕಿಸಿರಲಿ ಬಿಡಲಿ, ಆ ಲೈನ್ ಜೀವಂತವಾಗಿದೆ. ಟಿವಿ, ಇಂಟರ್ನೆಟ್, ಫೋನ್ ಮೂರೂ ಸೇರಿದ ಪ್ಯಾಕೇಜು ಬರೀ ಇಂಟರ್ನೆಟ್ಟಿಗಿಂತ ಅಗ್ಗ ಎಂದು ಮಾರುವಾಗ ಫೋನ್ ಲೈನನ್ನು ಸೊನ್ನೆ ಡಾಲರಿಗೆ ಸೇರಿಸಿರುತ್ತಾರೆ. ಗ್ರಾಹಕರಿಗೆ ನೆನಪಿರುವುದಿಲ್ಲ, ಆ ನಂಬರಿಗೆ ಯಾರೂ ಕರೆ ಮಾಡಿಯೂ ಇರುವುದಿಲ್ಲ. ಆದರೆ ಖಾತೆಯಲ್ಲಿ ಹತ್ತು ಅಂಕಿಯ ನಂಬರು ಇದೆ, ಅದರಿಂದ 911ಕ್ಕೆ ಕರೆ ಹೋಗುತ್ತದೆ, ಆದ್ದರಿಂದ ಶುಲ್ಕ ಬೀಳುತ್ತದೆ. ಲೈನಿನ ಬೆಲೆ ಸೊನ್ನೆಯಾದರೂ ಶುಲ್ಕ ಸೊನ್ನೆಯಾಗುವುದಿಲ್ಲ.

ಖಾತೆಯ ಪುಟದಲ್ಲಿ ವಾಯ್ಸ್ ಅಥವಾ ಹೋಮ್ ಫೋನ್ ಎಂಬ ವಿಭಾಗ ತೆರೆದರೆ ಆ ನಂಬರು ಸಿಗುತ್ತದೆ. ಬೇಡವಾದರೆ ತೆಗೆಸಬಹುದು, ಆದರೆ ತೆಗೆಸುವ ಮುನ್ನ ಪ್ಯಾಕೇಜಿನ ರಿಯಾಯಿತಿ ಹೋಗುತ್ತದೆಯೇ ಎಂದು ಕೇಳಿಕೊಳ್ಳಿ. ಒಂದು ಡಾಲರಿನ ಶುಲ್ಕ ಉಳಿಸಲು ಹೋಗಿ ಇಪ್ಪತ್ತು ಡಾಲರಿನ ರಿಯಾಯಿತಿ ಕಳೆದುಕೊಳ್ಳುವುದು ಬೇಡ. ಊರಿಂದ ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಇರುವ ಮನೆಯಾದರೆ ನಾನು ಆ ಲೈನನ್ನು ಇಟ್ಟುಕೊಳ್ಳಿ, ಒಂದು ಸಾದಾ ಫೋನ್ ತಂದು ಸಿಕ್ಕಿಸಿ ಎಂದೇ ಹೇಳುತ್ತೇನೆ. ಲಾಕ್ ಆದ ಮೊಬೈಲಿನಲ್ಲಿ ತುರ್ತು ಕರೆ ಎಲ್ಲಿದೆ ಎಂದು ಹುಡುಕುವುದಕ್ಕಿಂತ ಗೋಡೆಯ ಫೋನೆತ್ತಿ ಮೂರು ಅಂಕಿ ಒತ್ತುವುದು ವಯಸ್ಸಾದವರಿಗೆ ಸುಲಭ. ಕರೆಂಟು ಹೋದರೆ ಮೋಡೆಮ್ ಜೊತೆ ಈ ಫೋನೂ ಸಾಯುತ್ತದೆ ಎನ್ನುವುದು ಮಾತ್ರ ನೆನಪಿರಲಿ. ಬ್ಯಾಕಪ್ ಬ್ಯಾಟರಿ ಹಾಕಿಸಿ.

ಎಣಿಕೆ

ಮೊಬೈಲ್ ಫ್ಯಾಮಿಲಿ ಪ್ಲಾನಿನಲ್ಲಿ ಶುಲ್ಕ ಖಾತೆಗೆ ಒಂದಲ್ಲ, ಲೈನಿಗೆ ಒಂದು. ಗಂಡ ಹೆಂಡತಿ ಮಗಳು ಮೂರು ಫೋನ್, ಶುಲ್ಕ ಮಾತ್ರ ನಾಲ್ಕು ಬಂದಿದೆ ಎಂದರೆ ಮಣಿಕಟ್ಟು ನೋಡಿಕೊಳ್ಳಿ: ಸೆಲ್ಯುಲಾರ್ ಸ್ಮಾರ್ಟ್‌ವಾಚಿಗೂ ಸ್ವಂತ ಲೈನ್ ಇದೆ, ಅದರಿಂದಲೂ ಕರೆ ಹೋಗುತ್ತದೆ. ಡೇಟಾ ಮಾತ್ರ ಇರುವ ಟ್ಯಾಬ್ಲೆಟ್ಟಿಗೆ ಶುಲ್ಕ ಬಿದ್ದಿದ್ದರೆ ಪ್ರಶ್ನಿಸಿ. ಲೈನ್ ಎಂದರೆ ಏನು ಎಂದು ಪ್ರತಿ ರಾಜ್ಯದ ಕಾನೂನೂ ತನ್ನದೇ ರೀತಿಯಲ್ಲಿ ಹೇಳುವುದರಿಂದ ಉತ್ತರ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ಮನೆಯ ಅಲಾರ್ಮಿಗೆ, ಫ್ಯಾಕ್ಸಿಗೆ ಬೇರೆ ಲೈನ್ ಇದ್ದರೆ ಅವಕ್ಕೂ ಡಯಲ್ ಟೋನ್ ಇದೆ, ಶುಲ್ಕವೂ ಇದೆ. ಪ್ರೀಪೇಯ್ಡ್ ಸಿಮ್ ಹಾಕಿಸಿಕೊಂಡವರಿಗೆ ಬಿಲ್ಲೇ ಇರುವುದಿಲ್ಲ, ಶುಲ್ಕವನ್ನು ಹೆಚ್ಚಿನ ಕಡೆ ಅಂಗಡಿಯ ಕೌಂಟರಿನಲ್ಲೇ ಹಿಡಿದಿರುತ್ತಾರೆ. ಟೆಕ್ಸಾಸ್‌ನಲ್ಲಿ ಅದು ಮಾರಾಟ ಬೆಲೆಯ ಶೇ. 2.

ಕ್ಯಾಲಿಫೋರ್ನಿಯಾದ ಹಳೆ ಬಿಲ್ಲು ಇಟ್ಟುಕೊಂಡು ಹೊಸದಕ್ಕೆ ತಾಳೆ ಹಾಕುವವರಿಗೆ ಒಂದು ಮಾತು. ಅಲ್ಲಿ 2019ರವರೆಗೆ ಶುಲ್ಕ ಇದ್ದದ್ದು ರಾಜ್ಯದೊಳಗಿನ ಮಾತಿನ ಕರೆಗಳ ಮೊತ್ತದ ಶೇಕಡಾ ಲೆಕ್ಕದಲ್ಲಿ. ಜನ ಕರೆ ಮಾಡುವುದು ಬಿಟ್ಟು ಡೇಟಾ ಬಳಸತೊಡಗಿದ ಮೇಲೆ ಕರೆಗಳ ಮೊತ್ತ ಕರಗುತ್ತ ಬಂತು, 911ಕ್ಕೆ ಬರುವ ಹಣವೂ ಕರಗಿತು. 2020ರ ಜನವರಿ 1ರಿಂದ ಲೆಕ್ಕ ಬದಲಿಸಿ ಪ್ರತಿ ಲೈನಿಗೆ ತಿಂಗಳಿಗೆ 30 ಸೆಂಟ್ ಎಂದು ಶುರು ಮಾಡಿದರು. ದರವನ್ನು ವರ್ಷಕ್ಕೊಮ್ಮೆ ನಿಗದಿ ಮಾಡುತ್ತಾರೆ. ಆದ್ದರಿಂದ ಅಲ್ಲಿ ಕಡಿಮೆ ಮೊತ್ತದ ಪ್ಲಾನಿನವರಿಗೆ ಶುಲ್ಕ ಏರಿದಂತೆ ಕಂಡರೆ ಅದು ದೋಷವಲ್ಲ. ಕಡಿಮೆ ಆದಾಯದವರಿಗೆ ಕೊಡುವ ಲೈಫ್‌ಲೈನ್ ರಿಯಾಯಿತಿ ಇರುವವರಿಗೆ ಆ ಶುಲ್ಕದಿಂದ ವಿನಾಯಿತಿ ಇದೆ. ಇದ್ದೂ ಹಿಡಿಯುತ್ತಿದ್ದರೆ ಅದು ದೋಷ.

ವಿಳಾಸ: ಬಹುಪಾಲು ತಪ್ಪು ಇಲ್ಲೇ

ಲೈನುಗಳ ಎಣಿಕೆ ಸರಿಯಿದ್ದೂ ದರ ತಪ್ಪಿದ್ದರೆ ಇನ್ನು ಬೇರೆಲ್ಲೂ ಹುಡುಕಬೇಡಿ, ವಿಳಾಸ ನೋಡಿ. ಇಲಿನಾಯ್ ರಾಜ್ಯವನ್ನೇ ತೆಗೆದುಕೊಳ್ಳೋಣ, ಅಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 2018ರ ಜನವರಿಯಲ್ಲಿ ರಾಜ್ಯದ ದರ ಲೈನಿಗೆ ಒಂದೂವರೆ ಡಾಲರ್ ಆಯಿತು. ಶಿಕಾಗೊ ನಗರ ತನ್ನದೇ ದರ ಹಾಕುತ್ತದೆ, ಅದು 5 ಡಾಲರ್ ಆಯಿತು. ಶಿಕಾಗೊ ಡೌನ್‌ಟೌನಿನ ಅಪಾರ್ಟ್‌ಮೆಂಟಿನಲ್ಲಿದ್ದ ಕುಟುಂಬವೊಂದು ಮಕ್ಕಳ ಶಾಲೆಗಾಗಿ ನೇಪರ್‌ವಿಲ್‌ಗೆ ಮನೆ ಬದಲಿಸಿತು ಎಂದುಕೊಳ್ಳಿ. ನಾಲ್ಕು ಲೈನಿನ ಪ್ಲಾನ್. ಆ ದರದಲ್ಲಿ ಹಳೆ ವಿಳಾಸಕ್ಕೆ ತಿಂಗಳಿಗೆ 20 ಡಾಲರ್, ಹೊಸ ವಿಳಾಸಕ್ಕೆ 6 ಡಾಲರ್. ಬಿಲ್ಲು ಈಮೇಲಿನಲ್ಲಿ ಬರುತ್ತದೆ, ಹಣ ಕಾರ್ಡಿನಿಂದ ತಾನಾಗಿ ಹೋಗುತ್ತದೆ. ವಿಳಾಸ ಬದಲಿಸದೆ ಹೋದರೆ ವರ್ಷಕ್ಕೆ 168 ಡಾಲರ್ ಹೋದದ್ದೇ ಗೊತ್ತಾಗುವುದಿಲ್ಲ.

"ನಾವು ವಿಳಾಸ ಬದಲಿಸಿದ್ದೀವಲ್ಲ" ಎನ್ನುತ್ತಾರೆ. ಯಾವ ವಿಳಾಸ? ಒಂದೇ ಖಾತೆಯಲ್ಲಿ ಮೂರು ವಿಳಾಸ ಇರುತ್ತವೆ, ಗೊಂದಲದ ಬೇರು ಅದೇ. ಬಿಲ್ಲು ಕಳಿಸಲು ಬಿಲ್ಲಿಂಗ್ ವಿಳಾಸ ಒಂದು. ತೆರಿಗೆ, ಶುಲ್ಕ ಲೆಕ್ಕ ಹಾಕಲು ಪ್ಲೇಸ್ ಆಫ್ ಪ್ರೈಮರಿ ಯೂಸ್ ಎನ್ನುವುದು ಇನ್ನೊಂದು. 911 ಕೇಂದ್ರಕ್ಕೆ ತೋರಿಸಲು ತುರ್ತು ವಿಳಾಸ ಮೂರನೆಯದು. ವೆಬ್‌ಸೈಟಿನಲ್ಲಿ ಪ್ರೊಫೈಲ್ ಒತ್ತಿ ನೀವು ಬದಲಿಸುವುದು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ.

ಮೊಬೈಲಿಗೆ ಎರಡನೆಯದೇ ಮುಖ್ಯ. 2000ದಲ್ಲಿ ಮಾಡಿ 2002ರ ಆಗಸ್ಟಿನಿಂದ ಜಾರಿಗೆ ಬಂದ ಮೊಬೈಲ್ ಸೋರ್ಸಿಂಗ್ ಕಾಯಿದೆಯ ಪ್ರಕಾರ, ಫೋನ್ ಎಲ್ಲೆಲ್ಲಿ ಓಡಾಡಿದರೂ ತೆರಿಗೆ ಮತ್ತು ಶುಲ್ಕ ಬೀಳುವುದು ಗ್ರಾಹಕ ಮುಖ್ಯವಾಗಿ ಬಳಸುವ ಜಾಗದ ಲೆಕ್ಕದಲ್ಲಿ, ಅಂದರೆ ವಾಸದ ಮನೆ ಅಥವಾ ವ್ಯವಹಾರದ ಮುಖ್ಯ ಸ್ಥಳ. ಅದು ಬೀದಿಯ ವಿಳಾಸವಾಗಿರಬೇಕು, ಅಂಚೆಪೆಟ್ಟಿಗೆ ನಡೆಯದು. ನಂಬರಿನ ಏರಿಯಾ ಕೋಡಿಗೆ ಇದರಲ್ಲಿ ಪಾತ್ರವೇ ಇಲ್ಲ. ಎಡಿಸನ್‌ನಲ್ಲಿದ್ದಾಗ ತೆಗೆದುಕೊಂಡ 732 ನಂಬರನ್ನೇ ಇಟ್ಟುಕೊಂಡು ಆಸ್ಟಿನ್‌ಗೆ ಹೋದವರಿಗೆ ನ್ಯೂಜೆರ್ಸಿಯ 90 ಸೆಂಟ್ ಬರುತ್ತಿದ್ದರೆ ತಪ್ಪು ನಂಬರಿನದಲ್ಲ, ದಾಖಲೆಯ ವಿಳಾಸದ್ದು.

ವಿಳಾಸ ಸರಿಯಾಗಿ ಬರೆದಿದ್ದೂ ದರ ತಪ್ಪುವುದುಂಟು. ಜಿಪ್ ಕೋಡ್ ಮಾಡಿರುವುದು ಅಂಚೆಯವರ ಅನುಕೂಲಕ್ಕೆ. ನಗರದ ಗಡಿಯನ್ನು ಅದು ಲೆಕ್ಕಿಸುವುದಿಲ್ಲ. ಐದಂಕಿಯ ಒಂದೇ ಜಿಪ್ಪಿನಲ್ಲಿ ನಗರದೊಳಗಿನ ಬೀದಿಯೂ ಹೊರಗಿನ ಬೀದಿಯೂ ಇರಬಹುದು. ಕಂಪನಿಯ ವ್ಯವಸ್ಥೆ ಐದಂಕಿಯಲ್ಲೇ ನಿಂತಿದ್ದರೆ ಹೊರಗಿನವರಿಗೆ ನಗರದ ದರ ಬೀಳುತ್ತದೆ. ಅಂಚೆ ಇಲಾಖೆಯ ತಾಣದಲ್ಲಿ ನಿಮ್ಮ ಬೀದಿಯ ಒಂಬತ್ತಂಕಿಯ ಜಿಪ್ ಸಿಗುತ್ತದೆ. ಆಸ್ತಿ ತೆರಿಗೆಯ ರಸೀದಿಯಲ್ಲೋ ಕೌಂಟಿಯ ನಕ್ಷೆಯಲ್ಲೋ ನಿಮ್ಮ ಮನೆ ಯಾವ ನಗರದ ವ್ಯಾಪ್ತಿಗೆ ಸೇರಿದೆ ಎನ್ನುವುದು ಇರುತ್ತದೆ. ಇವೆರಡನ್ನೂ ಕೈಯಲ್ಲಿಟ್ಟುಕೊಂಡು ಮಾತಾಡಿದರೆ ಕಸ್ಟಮರ್ ಕೇರಿನವರು ತಳ್ಳಿಹಾಕುವುದು ಕಷ್ಟ.

ಶುಲ್ಕ ಸರಿಯಾಯಿತೆಂದು ಇಲ್ಲಿಗೇ ನಿಲ್ಲಿಸಬೇಡಿ

ಎರಡನೆಯ ವಿಳಾಸ ಸರಿಮಾಡಿಸಿದಾಗ ಹಣದ ಸಮಸ್ಯೆ ಮುಗಿಯುತ್ತದೆ. ಜೀವದ ಪ್ರಶ್ನೆ ಇರುವುದು ಮೂರನೆಯದರಲ್ಲಿ. ಎರಡೂ ಬೇರೆ ಬೇರೆ ದಾಖಲೆಗಳು. ಒಂದನ್ನು ತಿದ್ದಿದರೆ ಇನ್ನೊಂದು ತಾನಾಗಿ ತಿದ್ದಿಕೊಳ್ಳುತ್ತದೆ ಎಂಬ ಖಾತ್ರಿ ಇಲ್ಲ. ಮನೆ ಬದಲಿಸಿದಾಗ ಒಂದನ್ನು ಮರೆತವರು ಇನ್ನೊಂದನ್ನೂ ಮರೆತಿರುವ ಸಂಭವವೇ ಹೆಚ್ಚು.

ವಿಓಐಪಿ ಫೋನಿಗೆ ಇದು ಇನ್ನೂ ಗಂಭೀರ. ಮೊಬೈಲು ತಾನಿರುವ ಜಾಗವನ್ನು ಸುಮಾರಾಗಿಯಾದರೂ ಕಳಿಸುತ್ತದೆ. ವಿಓಐಪಿ ಅಡಾಪ್ಟರಿನ ಕರೆಯ ಜೊತೆ ಸಾಮಾನ್ಯವಾಗಿ ಹೋಗುವುದು ನೀವು ನೋಂದಾಯಿಸಿದ ವಿಳಾಸ. ಅಂಗೈ ಅಗಲದ ಆ ಡಬ್ಬಿಯನ್ನು ಬಿಚ್ಚಿ ಇನ್ನೊಂದು ರಾಜ್ಯದ ಮನೆಯ ರೂಟರಿಗೆ ಸಿಕ್ಕಿಸಿದರೆ ನಂಬರು ಅಲ್ಲೇ ರಿಂಗಾಗುತ್ತದೆ, ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. 911 ಒತ್ತಿದರೆ ಮಾತ್ರ ಕರೆ ಹಳೆಯ ಊರಿನ ಕೇಂದ್ರಕ್ಕೆ ಹೋಗುತ್ತದೆ. ನಮ್ಮವರಲ್ಲಿ ಕೆಲವರು ಈ ಡಬ್ಬಿಯನ್ನು ಬೆಂಗಳೂರಿಗೇ ಒಯ್ದು ಅಪ್ಪ ಅಮ್ಮನ ಮನೆಯಲ್ಲಿಟ್ಟು ಬರುತ್ತಾರೆ, ಅಮೆರಿಕಕ್ಕೆ ಮಾತಾಡಲು ಅನುಕೂಲ ಎಂದು. ಜಯನಗರದ ಮನೆಯಲ್ಲಿ ಆ ಫೋನಿಂದ 911 ಒತ್ತಿದರೆ ಎತ್ತುವವರು ಅಮೆರಿಕದಲ್ಲಿ. ಆ ಫೋನಿನ ಮೇಲೆ "ತುರ್ತಿಗೆ ಇದರಿಂದ ಬೇಡ, ಮೊಬೈಲಿನಿಂದ 112" ಎಂದು ಚೀಟಿ ಅಂಟಿಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ನೋಂದಾಯಿತ ವಿಳಾಸ ಏನಿದೆ ಎಂದು ತಿಳಿಯಲು 911ಕ್ಕೇ ಕರೆ ಮಾಡಿ ನೋಡಬೇಡಿ. ಅಲ್ಲಿನ ಒಬ್ಬರ ಸಮಯ ನಿಮ್ಮ ಪರೀಕ್ಷೆಗೆ ಹೋಗುತ್ತದೆ, ಆಗ ಇನ್ಯಾರಿಗೋ ಅವರು ಬೇಕಾಗಿರಬಹುದು. ಅನೇಕ ವಿಓಐಪಿ ಸೇವೆಗಳಲ್ಲಿ 933 ಎಂಬ ಪರೀಕ್ಷಾ ನಂಬರಿದೆ. ಒತ್ತಿದರೆ ಯಂತ್ರ ನಿಮ್ಮ ನಂಬರನ್ನೂ ಅದಕ್ಕೆ ದಾಖಲಾದ ವಿಳಾಸವನ್ನೂ ಓದಿ ಹೇಳುತ್ತದೆ. ಬೀದಿಯ ಹೆಸರಿನಲ್ಲೇ ನಿಲ್ಲದೆ ಅಪಾರ್ಟ್‌ಮೆಂಟ್ ಸಂಖ್ಯೆ ಬರುವವರೆಗೆ ಕೇಳಿ. ಇನ್ನೂರು ಮನೆಗಳ ಕಟ್ಟಡದ ಬಾಗಿಲಿಗೆ ಬಂದ ಆಂಬ್ಯುಲೆನ್ಸಿನವರಿಗೆ ಮನೆ ಸಂಖ್ಯೆ ಗೊತ್ತಿಲ್ಲದಿದ್ದರೆ ಅವರು ಬಂದೂ ಬಾರದಂತೆ. ನಿಮ್ಮ ಸೇವೆಯಲ್ಲಿ 933 ಇಲ್ಲದಿದ್ದರೆ ಖಾತೆಯೊಳಗೆ ಇ911 ವಿಳಾಸ, ಅಂದರೆ ತುರ್ತು ವಿಳಾಸ, ಎಂಬ ಬೇರೆ ಜಾಗ ಹುಡುಕಿ. ಅದನ್ನು ಗ್ರಾಹಕರೇ ಬದಲಿಸಲು ದಾರಿ ಕೊಡಬೇಕೆಂದು ಎಫ್‌ಸಿಸಿಯ ನಿಯಮ ಇದೆ.

ಮನೆಯಲ್ಲಿ ಇಂಗ್ಲಿಷ್ ಬಾರದ ಹಿರಿಯರಿದ್ದರೆ ಈ ಕೆಲಸವನ್ನು ನಾಳೆಗೆ ಮುಂದೂಡಬೇಡಿ. ಬಹಳಷ್ಟು 911 ಕೇಂದ್ರಗಳು ಫೋನಿನಲ್ಲೇ ದುಭಾಷಿಯನ್ನು ಸೇರಿಸಿಕೊಳ್ಳುತ್ತವೆ, ಆದರೆ ಅದಕ್ಕೆ ಸಮಯ ಬೇಕು. ಅತ್ತೆಯವರು ಗಾಬರಿಯಲ್ಲಿ ಕನ್ನಡದಲ್ಲೇ ಏನು ಹೇಳಿದರೂ, ಅಥವಾ ಏನೂ ಹೇಳಲಾಗದಿದ್ದರೂ, ಎದುರಿನವರ ಪರದೆಯ ಮೇಲೆ ಸರಿಯಾದ ವಿಳಾಸವಿದ್ದರೆ ಗಾಡಿ ಹೊರಡುತ್ತದೆ.

ಅಂಗಡಿ, ಕ್ಲಿನಿಕ್, ಮೋಟೆಲ್ ಇಟ್ಟುಕೊಂಡವರಿಗೆ

ಆಫೀಸಿನ ವಿಓಐಪಿಯಲ್ಲಿ ಲೆಕ್ಕ ತೊಡಕಾಗುವುದು ನಂಬರುಗಳಿಗೂ ಏಕಕಾಲದ ಕರೆಗಳಿಗೂ ಇರುವ ಅಂತರದಿಂದ. ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಹತ್ತು ನಂಬರುಗಳಿರಬಹುದು, ಆದರೆ ಒಂದೇ ಹೊತ್ತಿಗೆ ಹೊರಹೋಗಬಲ್ಲ ಕರೆಗಳು ನಾಲ್ಕೇ ಇರಬಹುದು. ಕೆಲವು ರಾಜ್ಯಗಳು ನಂಬರು ಎಣಿಸುತ್ತವೆ, ಕೆಲವು ಏಕಕಾಲಕ್ಕೆ ಹೋಗಬಲ್ಲ ಕರೆಗಳನ್ನು ಎಣಿಸುತ್ತವೆ. ಹಳೆಯ ಕಾಲದ ತಾಮ್ರದ ಲೈನಾಗಿದ್ದರೆ ನಾಲ್ಕು ಕರೆಗೆ ನಾಲ್ಕು ಲೈನು, ನಾಲ್ಕು ಶುಲ್ಕ. ವಿಓಐಪಿ ಎಂಬ ಕಾರಣಕ್ಕೆ ಹತ್ತು ಹಾಕಿದರೆ ಅನ್ಯಾಯವಲ್ಲವೇ? 2019ರ ಅಕ್ಟೋಬರಿನಲ್ಲಿ ಎಫ್‌ಸಿಸಿ ಇದನ್ನೇ ಸ್ಪಷ್ಟಪಡಿಸಿತು: 911ಕ್ಕೆ ಹೊರಕರೆ ಮಾಡುವ ಸಾಮರ್ಥ್ಯ ಸಮನಾಗಿದ್ದರೆ, ವಿಓಐಪಿ ಗ್ರಾಹಕರ ಮೇಲಿನ ಒಟ್ಟು 911 ಶುಲ್ಕ ಹಳೆಯ ಫೋನಿನವರದಕ್ಕಿಂತ ಹೆಚ್ಚಾಗುವಂತಿಲ್ಲ. ನಿಮ್ಮ ಬಿಲ್ಲಿನಲ್ಲಿ ನಂಬರುಗಳಷ್ಟು ಶುಲ್ಕ ಬಂದಿದ್ದರೆ, ಏಕಕಾಲಕ್ಕೆ ಎಷ್ಟು ಹೊರಕರೆ ಸಾಧ್ಯ ಎಂದು ಕಂಪನಿಯಿಂದ ಬರಹದಲ್ಲಿ ಪಡೆಯಿರಿ, ಆಮೇಲೆ ಈ ಆದೇಶವನ್ನು ಮುಂದಿಡಿ. ಹೊರಕರೆಯೇ ಹೋಗದ, ಒಳಬರುವ ಕರೆಗೆ ಮಾತ್ರ ಇಟ್ಟ ನಂಬರುಗಳನ್ನು ಬೇರೆಯಾಗಿ ಗುರುತಿಸಿ ತೋರಿಸಿ.

ಬಿಲ್ಲು ತಿದ್ದಿಸುವಾಗಲೇ ಇನ್ನೊಂದನ್ನು ಪರೀಕ್ಷಿಸಿ: ಹೊರಗಿನ ಕರೆಗೆ ನಿಮ್ಮ ಫೋನುಗಳಲ್ಲಿ ಮೊದಲು 9 ಒತ್ತಬೇಕೇ? 2013ರ ಡಿಸೆಂಬರಿನಲ್ಲಿ ಟೆಕ್ಸಾಸ್‌ನ ಮಾರ್ಷಲ್ ಊರಿನ ಮೋಟೆಲ್ ಕೋಣೆಯಲ್ಲಿ ಕ್ಯಾರಿ ಹಂಟ್ ಎಂಬ ಮಹಿಳೆಯ ಕೊಲೆಯಾಯಿತು. ಅವರ ಒಂಬತ್ತು ವರ್ಷದ ಮಗಳು ಶಾಲೆಯಲ್ಲಿ ಕಲಿಸಿದಂತೆ ನಾಲ್ಕು ಸಲ 911 ಒತ್ತಿದಳು. ಆ ಫೋನಿನಲ್ಲಿ ಮೊದಲು 9 ಒತ್ತಬೇಕಿತ್ತು. ಕರೆ ಹೋಗಲೇ ಇಲ್ಲ. 2018ರಲ್ಲಿ ಬಂದ ಕ್ಯಾರಿ ಕಾಯಿದೆ, 2020ರ ಫೆಬ್ರವರಿ 16ರ ನಂತರ ಹಾಕಿದ ಬಹುಲೈನ್ (ಮೋಟೆಲ್, ಆಫೀಸಿನಂಥ ಕಡೆ ಹಲವು ಫೋನುಗಳನ್ನು ಜೋಡಿಸಿರುವ) ವ್ಯವಸ್ಥೆಗಳಲ್ಲಿ ನೇರವಾಗಿ 911 ಒತ್ತಿದರೆ ಕರೆ ಹೋಗಲೇಬೇಕು, ಕರೆ ಹೋದದ್ದು ಮುಂಗಟ್ಟೆಯ ಸಿಬ್ಬಂದಿಗೂ ತಿಳಿಯಬೇಕು ಎನ್ನುತ್ತದೆ. ಹಳೆಯ ವ್ಯವಸ್ಥೆ ಇಟ್ಟುಕೊಂಡವರಿಗೆ ಕಾನೂನು ಕಟ್ಟಿಹಾಕದಿರಬಹುದು. ಆದರೂ ಬದಲಿಸಿ. ತಿಂಗಳು ತಿಂಗಳು ಶುಲ್ಕ ಕಟ್ಟಿಯೂ ಕರೆ ಹೋಗದ ಫೋನನ್ನು ಅತಿಥಿಯ ಹಾಸಿಗೆಯ ಪಕ್ಕ ಇಡುವುದು ಸರಿಯಲ್ಲ.

ದೂರು ಕೊಡುವಾಗ

ಶುಲ್ಕ ತಪ್ಪಿದೆ ಎಂದು ಬಿಲ್ಲು ಕಟ್ಟುವುದನ್ನೇ ನಿಲ್ಲಿಸಬೇಡಿ. ಆ ಸಾಲನ್ನು ಮಾತ್ರ ತಕರಾರಿನಲ್ಲಿಟ್ಟು ಉಳಿದದ್ದನ್ನು ಕಟ್ಟಿ. ಶುಲ್ಕದ ಜಗಳ ನಡೆಯುತ್ತಿರುವಾಗ 911 ನಿಲ್ಲಿಸುತ್ತಾರೇನೋ ಎಂಬ ಭಯ ಕೆಲವರಿಗಿದೆ. ಪ್ಲಾನೇ ಇಲ್ಲದ ಹಳೆ ಮೊಬೈಲಿನಿಂದ ಬರುವ 911 ಕರೆಯನ್ನೂ ಕಂಪನಿಗಳು ಸಾಗಿಸಲೇಬೇಕು ಎಂಬುದು ಎಫ್‌ಸಿಸಿ ನಿಯಮ. ವಿಓಐಪಿ ಮತ್ತು ಮನೆ ಫೋನಿನ ವಿಷಯ ಹಾಗಲ್ಲ, ಅಲ್ಲಿ ಸೇವೆ ನಿಂತರೆ 911 ಕೂಡ ನಿಲ್ಲಬಹುದು. ಆದ್ದರಿಂದಲೇ ಬಿಲ್ಲು ಬಾಕಿ ಇಡಬೇಡಿ ಎನ್ನುತ್ತಿದ್ದೇನೆ.

ಕಸ್ಟಮರ್ ಕೇರಿಗೆ ಕರೆ ಮಾಡಿ "ಶುಲ್ಕ ಜಾಸ್ತಿ ಬಂದಿದೆ" ಎಂದರೆ "ಅದು ಸರ್ಕಾರದ್ದು, ನಮ್ಮ ಕೈಲಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಬದಲಿಗೆ ಹೀಗೆ ಕೇಳಿ: "ನನ್ನ ಪ್ರತಿ ಲೈನಿಗೂ ಪ್ಲೇಸ್ ಆಫ್ ಪ್ರೈಮರಿ ಯೂಸ್ ಏನಿದೆ, ಓದಿ ಹೇಳಿ." ಒಂದೇ ಖಾತೆಯಲ್ಲಿ ಒಂದು ಲೈನಿಗೆ ಹೊಸ ವಿಳಾಸ, ಉಳಿದದ್ದಕ್ಕೆ ಹಳೆಯದು ಇರುವುದು ಆಗ ಹೊರಬರುತ್ತದೆ. ತಿದ್ದಿಸಿದ ಮೇಲೆ ಹಿಂದಿನ ತಿಂಗಳುಗಳ ವ್ಯತ್ಯಾಸವನ್ನು ಕ್ರೆಡಿಟ್ ಆಗಿ ಕೇಳಿ, ಟಿಕೆಟ್ ನಂಬರ್ ಬರೆದುಕೊಳ್ಳಿ. ಒಪ್ಪದಿದ್ದರೆ ಎಫ್‌ಸಿಸಿಯ ತಾಣದಲ್ಲಿ ಅನೌಪಚಾರಿಕ ದೂರು ದಾಖಲಿಸಬಹುದು, ಅದಕ್ಕೆ ಹಣ ಕೊಡಬೇಕಿಲ್ಲ. ಕಂಪನಿಗೆ ಉತ್ತರಿಸಲು 30 ದಿನಗಳ ಗಡುವಿರುತ್ತದೆ. ದರವೇ ತಪ್ಪೆಂದು ಅನಿಸಿದರೆ ಕೇಳಬೇಕಾದದ್ದು ರಾಜ್ಯದ ತೆರಿಗೆ ಇಲಾಖೆಯನ್ನೋ 911 ಮಂಡಳಿಯನ್ನೋ.

ಕಟ್ಟಿದ ಹಣ ನಿಜವಾಗಿ 911ಕ್ಕೇ ಹೋಗುತ್ತದೆಯೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. 2008ರ ಕಾಯಿದೆಯ ಪ್ರಕಾರ ಎಫ್‌ಸಿಸಿ ಪ್ರತಿ ವರ್ಷ ಸಂಸತ್ತಿಗೆ ಲೆಕ್ಕ ಒಪ್ಪಿಸುತ್ತದೆ. ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ಈ ಹಣವನ್ನು ಬೇರೆಡೆಗೆ ತಿರುಗಿಸಿವೆ ಎಂದು ಆ ವರದಿಗಳಲ್ಲಿ ಮತ್ತೆ ಮತ್ತೆ ಹೆಸರಿಸಿದ್ದಾರೆ. ಆ ರಾಜ್ಯಗಳಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ, ಮತದಾರರೂ ಇದ್ದಾರೆ. ಫೋನ್ ಕಂಪನಿಯೊಂದಿಗೆ ಈ ಬಗ್ಗೆ ಜಗಳವಾಡಿ ಫಲವಿಲ್ಲ, ಶಾಸಕರ ಕಚೇರಿಗೆ ಬರೆಯಿರಿ.

ಕ್ರೆಡಿಟ್ ಮುಂದಿನ ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರುತ್ತದೆ. ಅದನ್ನು ನೋಡಿ ಸಮಾಧಾನಪಟ್ಟು ಮುಚ್ಚಿಡದೆ, ಕೆಳಗಿನ 911 ಸಾಲಿನ ದರವೂ ಬದಲಾಗಿದೆಯೇ ನೋಡಿ. ಹಣ ವಾಪಸ್ಸಾಗಿ ದರ ಹಾಗೇ ಇದ್ದರೆ ಅವರು ನಿಮ್ಮನ್ನು ಸಮಾಧಾನ ಮಾಡಿ ಕಳಿಸಿದ್ದಾರೆ, ವಿಳಾಸ ತಿದ್ದಿಲ್ಲ. ಅದೇ ಟಿಕೆಟ್ ನಂಬರ್ ಹೇಳಿ ಮತ್ತೆ ಕರೆ ಮಾಡಿ. ಮನೆಯಲ್ಲಿ ವಿಓಐಪಿ ಫೋನಿದ್ದರೆ ಅವತ್ತೇ ಇನ್ನೊಮ್ಮೆ 933 ಒತ್ತಿ ವಿಳಾಸ ಕೇಳಿಕೊಳ್ಳಿ.